ಓದುಗರ ಪ್ರಶ್ನೆ, ನಮ್ಮ ಉತ್ತರ: ಜಪಾನಿನ ಶಾಂತ ಕಡಲತೀರಕ್ಕೆ ಮನೆಮಂದಿಯೊಡನೆ

ಜಪಾನಿನಲ್ಲಿ ನೆಲೆಸಿರುವ ಮತ್ತು ಅಲ್ಲಿಗೆ ಹೊರಟು ನಿಂತಿರುವ ಓದುಗರ ಪತ್ರಗಳಲ್ಲಿ ಈ ಬಾರಿ ಕಡಲತೀರದ ಕುರಿತಾದವೇ ಹೆಚ್ಚಾಗಿದ್ದವು. ಆದ್ದರಿಂದ ಅವುಗಳನ್ನೇ ಒಟ್ಟಿಗೆ ಆರಿಸಿಕೊಂಡು ಉತ್ತರಿಸಲಾಗಿದೆ.

ಪ್ರಶ್ನೆ: ನಾವು ಟೋಕಿಯೋದ ನಿಶಿಕಸಾಯಿಯಲ್ಲಿದ್ದೇವೆ. ಜುಲೈ ಕೊನೆಯ ವಾರ ಕುಮಟಾದಿಂದ ಅತ್ತೆ, ಮಾವ ಬರುತ್ತಿದ್ದಾರೆ. ದೊಡ್ಡವಳಿಗೆ ಒಂಬತ್ತು ವರ್ಷ, ಚಿಕ್ಕವನಿಗೆ ನಾಲ್ಕು. ಎಲ್ಲರೂ ಸೇರಿ ಬೆಳಿಗ್ಗೆ ಹೋಗಿ ಸಂಜೆ ಮರಳಬಹುದಾದ, ಅಲೆಗಳ ಅಬ್ಬರವಿಲ್ಲದ ತೀರ ಯಾವುದು? ಪರಿಚಯದವರು ಕಾಮಾಕುರಾ, ಎನೊಶಿಮಾ ಎನ್ನುತ್ತಾರೆ. ಅಲ್ಲಿನ ನೂಕುನುಗ್ಗಲು ನೆನೆದರೆ ಭಯವಾಗುತ್ತದೆ. ಮಾವನವರಂತೂ ಮಳೆಗಾಲದಲ್ಲಿ ಸಮುದ್ರಕ್ಕಿಳಿಯುವ ಮಾತೇ ಬೇಡ ಎಂದು ಫೋನಿನಲ್ಲೇ ಹೇಳಿಬಿಟ್ಟಿದ್ದಾರೆ.
— ಓದುಗಿ, ಟೋಕಿಯೋ

ಉತ್ತರ: ಮೊದಲು ನಿಮ್ಮ ಮಾವನವರ ಮಾತನ್ನೇ ತೆಗೆದುಕೊಳ್ಳುತ್ತೇನೆ, ಏಕೆಂದರೆ ಅದು ಕರಾವಳಿಯಲ್ಲಿ ಹುಟ್ಟಿ ಬೆಳೆದವರ ಅನುಭವದ ಮಾತು. ನೈಋತ್ಯ ಮುಂಗಾರು ಅರಬ್ಬೀ ಸಮುದ್ರವನ್ನು ಕಡೆಯುವ ತಿಂಗಳುಗಳಲ್ಲಿ ನಮ್ಮಲ್ಲಿ ಯಾಂತ್ರೀಕೃತ ದೋಣಿಗಳೂ ಕಡಲಿಗಿಳಿಯುವಂತಿಲ್ಲ; ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆಗೆ ನಿಷೇಧವಿರುತ್ತದೆ, ಮುರ್ಡೇಶ್ವರ, ಗೋಕರ್ಣ, ಮಲ್ಪೆಗಳಲ್ಲಿ ಪ್ರವಾಸಿಗರನ್ನು ನೀರಿನ ಬಳಿ ಬಿಡುವುದಿಲ್ಲ. ಆದರೆ ಜಪಾನಿನ ಮುಖ್ಯ ದ್ವೀಪವಾದ ಹೊನ್‌ಶೂವಿನಲ್ಲಿ ಈ ಲೆಕ್ಕ ಪೂರ್ತಿ ತಿರುಗುಮುರುಗು. ತ್ಸುಯು ಎಂಬ ಅಲ್ಲಿನ ಮಳೆಗಾಲ ಜೂನ್‌ನಲ್ಲಿ ಹಿಡಿದು ಟೋಕಿಯೋ ಸುತ್ತಮುತ್ತ ಸಾಮಾನ್ಯವಾಗಿ ಜುಲೈ ನಡುಭಾಗದ ಹೊತ್ತಿಗೆ ಬಿಡುತ್ತದೆ, ಆಮೇಲೆ ಆಗಸ್ಟ್ ನಡುವಿನ ಒಬೊನ್ ಹಬ್ಬದವರೆಗಿನ ದಿನಗಳೇ ಅಲ್ಲಿ ಕಡಲಸ್ನಾನಕ್ಕೆ ಹೇಳಿ ಮಾಡಿಸಿದ ಕಾಲ. ಜುಲೈ ತಿಂಗಳ ಮೂರನೆಯ ಸೋಮವಾರವನ್ನು ಸಮುದ್ರ ದಿನವೆಂದು ಆಚರಿಸಿ ಇಡೀ ದೇಶಕ್ಕೆ ರಜೆ ಕೊಡುತ್ತಾರೆ. ಚಂಡಮಾರುತ ದೂರದಲ್ಲಿದ್ದರೂ ಅಲೆ ಏಳಿಸುತ್ತದೆ ಎಂಬುದೊಂದನ್ನು ಬಿಟ್ಟರೆ, ನಿಮ್ಮ ಮಾವನವರು ಬರುವ ವಾರ ಟೋಕಿಯೋದ ನೈಋತ್ಯಕ್ಕಿರುವ ಸಗಾಮಿ ಕೊಲ್ಲಿಯ ನೀರು ಬೆಚ್ಚಗೆ, ತಣ್ಣಗಾಗದೆ, ಹಿತವಾಗಿರುತ್ತದೆ. ಅವರಿಗೆ ಇಷ್ಟನ್ನು ವಿವರಿಸಿ ಹೇಳಿದರೆ ಅವರೇ ಮೊದಲು ಒಪ್ಪಿಯಾರು.

ಇನ್ನು ತೀರದ ಆಯ್ಕೆ. ನನ್ನ ಸಲಹೆ ಕಾನಾಗಾವಾ ಪ್ರಾಂತ್ಯದ ಜುಶಿ. ಕಾಮಾಕುರಾದ ಮುಂದಿನ ನಿಲ್ದಾಣವೇ ಆದರೂ ಇದರ ಸ್ವಭಾವ ಬೇರೆ. ಎರಡೂ ಬದಿಯಲ್ಲಿ ಗುಡ್ಡದ ಮೂಗುಗಳು ಸಮುದ್ರದೊಳಕ್ಕೆ ಚಾಚಿಕೊಂಡಿರುವುದರಿಂದ ಹೊರಗಿನ ಸಗಾಮಿ ಕೊಲ್ಲಿಯಲ್ಲಿ ಅಲೆಯಿದ್ದರೂ ಒಳಗೆ ಬರುವಷ್ಟರಲ್ಲಿ ಅದರ ಬಲ ಕುಂದಿರುತ್ತದೆ, ತಳವೂ ನಿಧಾನವಾಗಿ ಇಳಿಯುತ್ತದೆ. ನಾಲ್ಕು ವರ್ಷದ ಮಗು ದಡದಿಂದ ಹಲವಾರು ಹೆಜ್ಜೆ ನಡೆದರೂ ನೀರು ಮೊಣಕಾಲು ದಾಟದ ಜಾಗಗಳು ಧಾರಾಳವಾಗಿ ಸಿಗುತ್ತವೆ. ಮರಳು ಬೆಳ್ಳಗಿಲ್ಲ, ಕಂದುಬೂದು ಬಣ್ಣದ್ದು; ಹವಳದ ತೀರದ ಚಿತ್ರಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಹೋಗಬೇಡಿ. ತೀರ ಪಶ್ಚಿಮಕ್ಕೆ ಮುಖ ಮಾಡಿರುವುದರಿಂದ ಗಾಳಿ ತಿಳಿಯಾಗಿದ್ದ ದಿನ ಎನೊಶಿಮಾ ದ್ವೀಪದಾಚೆ ಫ್ಯೂಜಿ ಪರ್ವತ ಕಾಣುತ್ತದೆ. ಆದರೆ ಬೇಸಿಗೆಯ ಮಬ್ಬಿನಲ್ಲಿ ಅದು ಹೆಚ್ಚಿನ ದಿನ ಮರೆಯಾಗಿಯೇ ಇರುತ್ತದೆ, ಆದ್ದರಿಂದ ಅತ್ತೆಯವರಿಗೆ ಫ್ಯೂಜಿ ತೋರಿಸುತ್ತೇನೆಂದು ಮೊದಲೇ ಮಾತು ಕೊಡದಿರುವುದು ಒಳ್ಳೆಯದು.

ನಾನು ಜುಶಿಯನ್ನೇ ಎತ್ತಿ ಹೇಳುವುದಕ್ಕೆ ನೀರಿನ ಶಾಂತತೆಗಿಂತ ದೊಡ್ಡ ಕಾರಣವೊಂದಿದೆ. ಒಂದು ಕಾಲದಲ್ಲಿ ಇಲ್ಲಿನ ಬೇಸಿಗೆಯ ತಾತ್ಕಾಲಿಕ ಮಳಿಗೆಗಳು ಇರುಳಿನ ಕ್ಲಬ್ಬುಗಳ ರೂಪ ತಾಳಿ, ಜೋರು ಸಂಗೀತ ಮತ್ತು ಕುಡಿತದಿಂದಾಗಿ ಮಕ್ಕಳೊಂದಿಗರು ಈ ತೀರಕ್ಕೆ ಬರುವುದನ್ನೇ ಕಡಿಮೆ ಮಾಡಿದ್ದರು. 2013ರ ಬೇಸಿಗೆಯಲ್ಲಿ ಇಲ್ಲಿ ಒಂದು ಕೊಲೆಯೂ ನಡೆದುಹೋಯಿತು. ಊರಿನವರಿಗೆ ಅದು ತಾಳಿಕೊಳ್ಳಲಾಗದ ಏಟಾಯಿತು. 2014ರಲ್ಲಿ ನಗರಾಡಳಿತ ತನ್ನ ನಿಯಮಾವಳಿಯನ್ನು ತಿದ್ದಿ, ಬೇಸಿಗೆಯ ಋತುವಿನಲ್ಲಿ ಮರಳಿನ ಮೇಲೆ ಮದ್ಯಪಾನ, ಧ್ವನಿವರ್ಧಕದ ಸಂಗೀತ, ಒಲೆ ಹೊತ್ತಿಸಿ ಮಾಂಸ ಸುಡುವುದು, ಇತರರಿಗೆ ಅಂಜಿಕೆಯಾಗುವಂತೆ ಹಚ್ಚೆ ಪ್ರದರ್ಶಿಸುವುದು, ಇವೆಲ್ಲವನ್ನೂ ನಿಷೇಧಿಸಿತು. ಜಪಾನಿನಲ್ಲೇ ಅತ್ಯಂತ ಕಟ್ಟುನಿಟ್ಟಿನ ಕಡಲತೀರದ ನಿಯಮವೆಂದು ಆಗ ಪತ್ರಿಕೆಗಳು ಬರೆದವು. ವ್ಯಾಪಾರ ಕಡಿಮೆಯಾಗುತ್ತದೆ ಎಂಬ ಆತಂಕ ಮಳಿಗೆಯವರಲ್ಲಿತ್ತು, ಬಂದು ಹೋಗುವವರ ಸಂಖ್ಯೆ ಮೊದಮೊದಲು ಇಳಿದದ್ದೂ ನಿಜ. ಆದರೂ ಊರು ಹಿಂದೆ ಸರಿಯಲಿಲ್ಲ. ಅಜ್ಜಿ, ಮೊಮ್ಮಕ್ಕಳು ನಿಶ್ಚಿಂತೆಯಿಂದ ಕೂರಬಹುದಾದ ತೀರ ಬೇಕೆಂದು ಒಂದು ಊರು ಹಣದ ನಷ್ಟಕ್ಕೂ ಸಿದ್ಧವಾಗಿ ತೀರ್ಮಾನಿಸಿದ್ದು ನನಗೆ ತುಂಬ ದೊಡ್ಡ ಸಂಗತಿಯಾಗಿ ಕಾಣುತ್ತದೆ, ಆ ತೀರ್ಮಾನದ ಫಲವನ್ನು ನಿಮ್ಮಂಥ ಕುಟುಂಬಗಳು ಅನುಭವಿಸಬೇಕೆಂಬುದು ನನ್ನ ಆಸೆ.

ಹೋಗುವ ದಾರಿ ಸುಲಭ. ನಿಶಿಕಸಾಯಿಯಿಂದ ತೋಜಾಯಿ ಮಾರ್ಗದಲ್ಲಿ ಒತೆಮಾಚಿಗೆ ಬಂದು, ನೆಲದಡಿಯ ದಾರಿಯಲ್ಲೇ ಟೋಕಿಯೋ ನಿಲ್ದಾಣಕ್ಕೆ ನಡೆದು, ಅಲ್ಲಿ ಯೊಕೊಸುಕಾ ಮಾರ್ಗದ ರೈಲು ಹತ್ತಿದರೆ ಸುಮಾರು ಒಂದು ಗಂಟೆಯಲ್ಲಿ ಜುಶಿ. ಯೊಕೊಸುಕಾ ಮಾರ್ಗದ ಪ್ಲಾಟ್‌ಫಾರಂ ನೆಲದಿಂದ ಐದು ಅಂತಸ್ತು ಕೆಳಗಿದೆ; ಹಿರಿಯರಿರುವುದರಿಂದ ಎಸ್ಕಲೇಟರ್ ಹುಡುಕುತ್ತ ಅಲೆಯದೆ ಲಿಫ್ಟ್ ಎಲ್ಲಿದೆಯೆಂದು ಮೊದಲೇ ನೋಡಿಟ್ಟುಕೊಳ್ಳಿ. ಅವರಿಗೆ ಕೂರಲು ಜಾಗ ಸಿಗಲೇಬೇಕೆಂದಿದ್ದರೆ ಹೆಚ್ಚುವರಿ ಹಣ ತೆತ್ತು ಗ್ರೀನ್ ಕಾರ್ ಎಂಬ ಮೇಲ್ದರ್ಜೆಯ ಬೋಗಿಯಲ್ಲಿ ಹೋಗಬಹುದು. ಚಿಕ್ಕವನಿಗೆ ಟಿಕೆಟ್ ಬೇಡ, ದೊಡ್ಡವಳಿಗೆ ಅರ್ಧ. ಮರಳುವಾಗ ಇನ್ನೂ ಅನುಕೂಲ: ಎಷ್ಟೋ ರೈಲುಗಳು ಜುಶಿಯಿಂದಲೇ ಹೊರಡುವುದರಿಂದ, ನೀರಾಡಿ ದಣಿದ ಮಕ್ಕಳನ್ನು ನಿಲ್ಲಿಸಿಕೊಂಡು ಬರಬೇಕಾಗಿಲ್ಲ. ನಿಲ್ದಾಣದಿಂದ ತೀರಕ್ಕೆ ಊರೊಳಗಿನ ಸಮತಟ್ಟಾದ ದಾರಿಯಲ್ಲಿ ಹಿರಿಯರ ನಡಿಗೆಗೆ ಕಾಲು ಗಂಟೆ ಹಿಡಿಯುತ್ತದೆ. ಮನೆಗಳ ಸಾಲು ಮುಗಿಯುವಲ್ಲಿ 134ನೆಯ ಹೆದ್ದಾರಿ ಅಡ್ಡ ಬರುತ್ತದೆ, ಅದರ ಕೆಳಗಿನ ಗಿಡ್ಡ ಸುರಂಗದಾರಿಯನ್ನು ದಾಟಿದ ಕೂಡಲೇ ಮರಳು.

ಅಲ್ಲಿ ನೀವು ಮೊದಲು ಮಾಡಬೇಕಾದ ಕೆಲಸ, ಅತ್ತೆ ಮಾವನವರಿಗೆ ನೆರಳಿನ ಜಾಗ ಗೊತ್ತುಮಾಡುವುದು. ಉಮಿ ನೊ ಇಎ, ಅಂದರೆ ಕಡಲ ಮನೆ ಎಂದು ಕರೆಯುವ ಮರದ ಮಳಿಗೆಗಳು ಪ್ರತಿ ಬೇಸಿಗೆಗೂ ತೀರದ ಉದ್ದಕ್ಕೆ ಹೊಸದಾಗಿ ಏಳುತ್ತವೆ, ಋತು ಮುಗಿದೊಡನೆ ಬಿಚ್ಚಿ ಒಯ್ಯುತ್ತಾರೆ. ತಲೆಗಿಷ್ಟು ಎಂದು ಹಣ ಕೊಟ್ಟರೆ ಬಟ್ಟೆ ಬದಲಿಸುವ ಕೋಣೆ, ಸಿಹಿನೀರಿನ ಸ್ನಾನ, ಬೀಗವಿರುವ ಪೆಟ್ಟಿಗೆ ಎಲ್ಲವೂ ದಿನವಿಡೀ ನಿಮ್ಮದು. ಮುಂದಿನ ನಲ್ಲಿಯಲ್ಲಿ ಕಾಲಿನ ಮರಳು ತೊಳೆದು, ಚಪ್ಪಲಿ ಬಿಟ್ಟು, ಚಾಪೆ ಹಾಸಿದ ಹಲಗೆಯ ಜಗಲಿಗೆ ಹತ್ತಬೇಕು. ಅಲ್ಲಿ ಅತ್ತೆಯವರು ಕಾಲು ಚಾಚಿ ಕುಳಿತು ಮೊಮ್ಮಕ್ಕಳನ್ನು ಕಣ್ಣಳತೆಯಲ್ಲೇ ಇಟ್ಟುಕೊಳ್ಳಬಹುದು. ಬಿಳಿಯ ಬಟ್ಟೆಯ ಮೇಲೆ ಕೆಂಪಕ್ಷರವೊಂದನ್ನು ದೊಡ್ಡದಾಗಿ ಬರೆದು, ಕೆಳಗೆ ನೀಲಿ ಅಲೆಗಳನ್ನು ಚಿತ್ರಿಸಿದ ಬಾವುಟ ಮಳಿಗೆಯ ಮುಂದೆ ತೂಗಾಡುತ್ತಿದ್ದರೆ ಅಲ್ಲಿ ಕಾಕಿಗೋರಿ ಸಿಗುತ್ತದೆಂದು ತಿಳಿಯಿರಿ. ಅದು ಹತ್ತಿಯಷ್ಟು ನವಿರಾಗಿ ಹೆರೆದ ಮಂಜುಗಡ್ಡೆಯ ಮೇಲೆ ಹಣ್ಣಿನ ಪಾನಕ ಸುರಿದು ಕೊಡುವ ತಿನಿಸು. ಮಕ್ಕಳು ಮೊದಲು ಕೇಳುವುದೇ ಅದನ್ನು.

ಸಾಧ್ಯವಾದರೆ ವಾರದ ನಡುವಿನ ದಿನ ಹೋಗಿ, ಒಂಬತ್ತರ ಹೊತ್ತಿಗೆಲ್ಲ ತೀರದಲ್ಲಿರಿ. ಮಧ್ಯಾಹ್ನದ ಬಿಸಿಲು, ಅದಕ್ಕಿಂತ ಹೆಚ್ಚಾಗಿ ಅಲ್ಲಿನ ಸೆಕೆ, ಮಂಗಳೂರಿನ ಮೇ ತಿಂಗಳನ್ನು ನೆನಪಿಸುವಂತಿರುತ್ತದೆ. 2021ರಿಂದ ದೇಶದಾದ್ಯಂತ ಬಿಸಿಲಾಘಾತದ ಎಚ್ಚರಿಕೆಯನ್ನು ಸರ್ಕಾರವೇ ಪ್ರಕಟಿಸುತ್ತಿದೆ. ಆ ಎಚ್ಚರಿಕೆ ಇರುವ ದಿನ ವಯಸ್ಸಾದವರನ್ನು ಕರೆದೊಯ್ಯಬೇಡಿ, ಮರುದಿನಕ್ಕೆ ಮುಂದೂಡಿ. ಕುಡಿಯಲು ಮುಗಿಚಾ ಎಂಬ ಬಾರ್ಲಿಯ ಕಷಾಯ ಎಲ್ಲ ಅಂಗಡಿಗಳಲ್ಲೂ ತಣ್ಣಗೆ ಸಿಗುತ್ತದೆ, ಅದರಲ್ಲಿ ಕೆಫೀನ್ ಇಲ್ಲ, ಮಕ್ಕಳಿಗೂ ಹಿರಿಯರಿಗೂ ಒಗ್ಗುತ್ತದೆ.

ಜುಶಿಗೆ ಹೋಗುವ ಮುನ್ನ ಚಿಕ್ಕವನಿಗೆ ಕಡಲಿನ ಅಂಜಿಕೆ ಬಿಡಿಸಬೇಕೆನಿಸಿದರೆ ನಿಮ್ಮ ಮನೆಯ ಹತ್ತಿರದಲ್ಲೇ ಇರುವ ಕಸಾಯಿ ಕೈಹಿನ್ ಉದ್ಯಾನದ ಪಶ್ಚಿಮದ ಮರಳದಂಡೆಗೆ ಒಂದು ದಿನ ಹೋಗಿ ಬನ್ನಿ. ಅದು ಮನುಷ್ಯರು ನಿರ್ಮಿಸಿದ ದಂಡೆ, ನೀರಿನಲ್ಲಿ ಕೆಸರಿನ ಅಂಶ ಹೆಚ್ಚು, ಆದರೆ ಇಳಿತದ ಹೊತ್ತಿನಲ್ಲಿ ಸಣ್ಣ ಏಡಿಗಳನ್ನು ಹುಡುಕುತ್ತ ಮಕ್ಕಳು ಗಂಟೆಗಟ್ಟಲೆ ಕಳೆಯುತ್ತಾರೆ. ಪಕ್ಕದ ಪೂರ್ವದ ದಂಡೆ ಹಕ್ಕಿಗಳಿಗೆ ಮೀಸಲು, ಅಲ್ಲಿಗೆ ಪ್ರವೇಶವಿಲ್ಲ. 2018ರಲ್ಲಿ ಈ ಜಾಗಕ್ಕೆ, ಮಹತ್ವದ ಜೌಗುನೆಲಗಳಿಗೆ ಕೊಡುವ ಅಂತರರಾಷ್ಟ್ರೀಯ ರಾಮ್‌ಸಾರ್ ಮಾನ್ಯತೆ ಸಿಕ್ಕಿದೆ.

ಪ್ರಶ್ನೆ: ನನ್ನ ತಾಯಿಯ ಕಡೆಯ ಅಜ್ಜಿಗೆ ಮುಂಗೈಯಿಂದ ಮೊಣಕೈವರೆಗೆ ಹಳೆಯ ಕಾಲದ ಹಚ್ಚೆಯಿದೆ. ಜಪಾನಿನಲ್ಲಿ ಹಚ್ಚೆಯಿದ್ದವರನ್ನು ಸ್ನಾನಗೃಹಕ್ಕೂ ಕಡಲತೀರಕ್ಕೂ ಬಿಡುವುದಿಲ್ಲವೆಂದು ಕೇಳಿದ್ದೇವೆ. ಅವರು ಸೀರೆಯಲ್ಲೇ ನೀರಿಗಿಳಿಯುವವರು. ಯಾರಾದರೂ ಅವಮಾನಿಸಿದರೆ ಎಂಬ ಅಳುಕಿದೆ.
— ಓದುಗ, ಯೊಕೊಹಾಮಾ

ಉತ್ತರ: ನಿಮ್ಮ ಅಳುಕು ಅರ್ಥವಾಗುತ್ತದೆ, ಆದರೆ ಅಜ್ಜಿಯವರ ವಿಷಯದಲ್ಲಿ ಅದಕ್ಕೆ ಅವಕಾಶ ಬಹಳ ಕಡಿಮೆ. ಜಪಾನಿನಲ್ಲಿ ಹಚ್ಚೆಯ ಬಗ್ಗೆ ಇರುವ ಬಿಗಿ ಧೋರಣೆಗೆ ಹಿನ್ನೆಲೆಯಿದೆ. ಮೇಜಿ ಸರ್ಕಾರ 1872ರಲ್ಲಿ ಹಚ್ಚೆ ಹಾಕುವುದನ್ನೇ ನಿಷೇಧಿಸಿತು, ಆ ನಿಷೇಧ 1948ರವರೆಗೂ ಇತ್ತು. ಆ ಬಳಿಕ ಯಾಕುಜಾ ಎಂಬ ಸಂಘಟಿತ ಅಪರಾಧಿ ಗುಂಪುಗಳವರು ಬೆನ್ನು ತುಂಬ ಹಾಕಿಸಿಕೊಳ್ಳುತ್ತಿದ್ದ ಹಚ್ಚೆ ಜನರ ಮನಸ್ಸಿನಲ್ಲಿ ಭಯದ ಗುರುತಾಗಿ ಉಳಿಯಿತು. ಜುಶಿಯಂಥ ಊರುಗಳ ನಿಯಮ ಗುರಿಯಿಟ್ಟಿರುವುದು ಮೈಬಿಟ್ಟು ಹಚ್ಚೆ ತೋರಿಸುತ್ತ ಇತರರನ್ನು ಅಂಜಿಸುವ ನಡವಳಿಕೆಯ ಮೇಲೆ. ನಮ್ಮ ಹಳ್ಳಿಗಳಲ್ಲಿ ಮದುವೆಗೆ ಮುನ್ನ ಹೆಣ್ಣುಮಕ್ಕಳಿಗೆ ಕೊರವಂಜಿಯರಿಂದ ಹಾಕಿಸುತ್ತಿದ್ದ ಹಸಿರು ಹಚ್ಚೆಯನ್ನು ಹೊತ್ತ ಎಪ್ಪತ್ತು ಎಂಬತ್ತರ ಅಜ್ಜಿಯನ್ನು ಕಂಡು ಹೆದರುವವರು ಅಲ್ಲಿಯೂ ಇರಲಾರರು.

ಆದರೂ ಅಲ್ಲಿನ ಜನ ನಿಯಮದ ವಿಷಯದಲ್ಲಿ ಎಲ್ಲರಿಗೂ ಒಂದೇ ಅಳತೆ ಎಂದು ನಂಬುವವರು. ಕಾವಲಿನವರಿಗೆ ವಿವರಿಸಿ ಹೇಳುವ ಸಂದರ್ಭವೇ ಬಾರದಿರಲಿ ಎಂದಿದ್ದರೆ, ತುಂಬುತೋಳಿನ ಈಜಂಗಿಯೊಂದನ್ನು ಅಜ್ಜಿಗೆ ತೊಡಿಸಿ. ರ‍್ಯಾಶ್ ಗಾರ್ಡ್ ಎಂದು ಕರೆಯುವ ಈ ಅಂಗಿಯನ್ನು ಜಪಾನಿನ ಹೆಂಗಸರು, ಮಕ್ಕಳು ಬಿಸಿಲಿಗೆ ಹೆದರಿ ಧಾರಾಳವಾಗಿ ಧರಿಸುತ್ತಾರೆ. ಕುತ್ತಿಗೆಯಿಂದ ಕಣಕಾಲಿನವರೆಗೆ ಮುಚ್ಚಿಕೊಂಡೇ ನೀರಿನಲ್ಲಿ ನಿಂತವರು ಪ್ರತಿ ತೀರದಲ್ಲೂ ಸಿಗುತ್ತಾರೆ. ನಮ್ಮ ಹೆಣ್ಣುಮಕ್ಕಳಿಗೆ ಇದರಿಂದಾಗಿ ಅಲ್ಲಿ ಯಾವ ಮುಜುಗರವೂ ಇಲ್ಲ. ಸೀರೆಯ ವಿಷಯದಲ್ಲಿ ಮಾತ್ರ ನಾನು ಬೇಡವೆನ್ನುತ್ತೇನೆ. ಯಾರೂ ಆಕ್ಷೇಪಿಸುವುದಿಲ್ಲ, ಆದರೆ ಐದೂವರೆ ಮೀಟರ್ ಬಟ್ಟೆ ನೆನೆದು ಕಾಲಿಗೆ ಸುತ್ತಿಕೊಂಡರೆ ಮೊಣಕಾಲು ನೀರಿನಲ್ಲೂ ವಯಸ್ಸಾದವರು ಬೀಳುತ್ತಾರೆ. ಚೂಡಿದಾರದ ಪೈಜಾಮ, ಮೇಲೆ ಆ ಅಂಗಿ, ಇಷ್ಟಕ್ಕೆ ಅಜ್ಜಿಯನ್ನು ಒಪ್ಪಿಸಿ. ಬಿಸಿನೀರಿನ ಸಾರ್ವಜನಿಕ ಸ್ನಾನಗೃಹಗಳ ಪ್ರಶ್ನೆ ಬೇರೆ. ಅಲ್ಲಿ ಬಟ್ಟೆಯಿಲ್ಲದೆ ಇಳಿಯಬೇಕಾಗಿರುವುದರಿಂದ ಮೊದಲೇ ವಿಚಾರಿಸಿಕೊಂಡು ಹೋಗುವುದೇ ಸರಿ.

ಪ್ರಶ್ನೆ: ನಾವು ಮೀನನ್ನೂ ಮುಟ್ಟದ ಸಸ್ಯಾಹಾರಿಗಳು. ತೀರದ ಮಳಿಗೆಗಳಲ್ಲಿ ನಮಗೇನಾದರೂ ಸಿಗುತ್ತದೆಯೇ?
— ಓದುಗಿ, ಮೈಸೂರು

ಉತ್ತರ: ಸಿಗುವುದು ಕಡಿಮೆ. ಕಟ್ಟಿಕೊಂಡು ಹೋಗಿ. ಕಾಕಿಗೋರಿ, ಉಪ್ಪು ನೀರಿನಲ್ಲಿ ಬೇಯಿಸಿದ ಎದಾಮಾಮೆ ಎಂಬ ಹಸಿ ಸೋಯಾಕಾಯಿ, ಹಣ್ಣು, ಇವಿಷ್ಟನ್ನು ನೆಚ್ಚಬಹುದು. ಕಡಲ ಮನೆಯ ಹೆಸರುವಾಸಿ ತಿಂಡಿಯಾದ ಯಾಕಿಸೋಬಾ ಶ್ಯಾವಿಗೆಯಲ್ಲಿ ಹಂದಿಮಾಂಸವಿರುತ್ತದೆ, ತೆಗೆಯಲು ಹೇಳಿದರೂ ಮೇಲೆ ಒಣಮೀನಿನ ಎಸಳು ಬೀಳುತ್ತದೆ. ಜಪಾನಿ ಕರಿ ಅನ್ನ ನೋಡಲು ತರಕಾರಿ ಹುಳಿಯ ಹಾಗಿದ್ದರೂ ಅದರ ಮಸಾಲೆಯ ಗಟ್ಟಿಯಲ್ಲಿ ಸಾಮಾನ್ಯವಾಗಿ ಪ್ರಾಣಿಜನ್ಯ ಕೊಬ್ಬು ಸೇರಿರುತ್ತದೆ. ದಾಶಿ ಎಂಬ ಸಾರಿನ ತಿಳಿ ಹೆಚ್ಚಾಗಿ ಒಣಮೀನಿನದೇ ಆದ್ದರಿಂದ ತರಕಾರಿ, ತೋಫು ಎಂದು ಹೆಸರಿದ್ದ ಮಾತ್ರಕ್ಕೆ ನಂಬುವಂತಿಲ್ಲ. ಪುಳಿಯೋಗರೆ ಬೇಸಿಗೆಯ ಸೆಕೆಗೂ ಕೆಡದೆ ಮಧ್ಯಾಹ್ನದವರೆಗೆ ನಿಲ್ಲುತ್ತದೆ, ಮೊಸರನ್ನವನ್ನು ಮಾತ್ರ ಮಂಜುಗಡ್ಡೆಯ ಚೀಲದಲ್ಲಿಟ್ಟು ಒಯ್ಯಿರಿ. ಮಳಿಗೆಯೊಳಗೆ ಹೊರಗಿನ ಆಹಾರ ತಿನ್ನಬಹುದೇ ಎಂದು ಹಣ ಕೊಡುವ ಮುನ್ನವೇ ಕೇಳಿ. ಬಿಡದಿದ್ದರೆ ಮರಳಿನ ಮೇಲೆ ಚಾಪೆ ಹಾಸಿ ಉಣ್ಣಲು ಅಡ್ಡಿಯಿಲ್ಲ. ಆಗ ಹದ್ದುಗಳ ಮೇಲೆ ಕಣ್ಣಿರಲಿ. ಸಗಾಮಿ ಕೊಲ್ಲಿಯ ತೀರಗಳಲ್ಲಿ ಅವು ಹಿಂದಿನಿಂದ ಬಂದೆರಗಿ ಕೈಯಲ್ಲಿನ ತುತ್ತನ್ನೇ ಕಿತ್ತೊಯ್ಯುತ್ತವೆ, ಮಕ್ಕಳ ಬೆರಳಿಗೆ ಗಾಯವಾಗುವುದುಂಟು. ಛತ್ರಿಯ ಕೆಳಗೆ, ಬೆನ್ನಿಗೆ ಗೋಡೆಯೋ ಜನವೋ ಇರುವಂತೆ ಕೂರಿಸಿ ತಿನ್ನಿಸಿ. ಕಸದ ಬುಟ್ಟಿ ಹುಡುಕಬೇಡಿ, ಸಿಗುವುದಿಲ್ಲ. ತಂದ ಚೀಲದಲ್ಲೇ ತುಂಬಿಕೊಂಡು ಮನೆಗೆ ಒಯ್ಯುವುದು ಅಲ್ಲಿನ ರೂಢಿ.

ಪ್ರಶ್ನೆ: ಶಾಂತವಾದ ತೀರ ಎಂದ ಮೇಲೂ ಲೋಳೆಮೀನು, ಸುನಾಮಿ ಎಂದೆಲ್ಲ ಓದಿ ಹೆಂಡತಿ ಗಾಬರಿಯಾಗಿದ್ದಾಳೆ. ಗಾಳಿ ತುಂಬಿದ ದೊಡ್ಡ ತೇಲುಬೊಂಬೆಯೊಂದನ್ನು ಮಗನಿಗಾಗಿ ಕೊಂಡಿದ್ದೇವೆ, ಅದಿದ್ದರೆ ಸುರಕ್ಷಿತವಲ್ಲವೇ?
— ಓದುಗ, ಬೆಂಗಳೂರು

ಉತ್ತರ: ದಯವಿಟ್ಟು ಆ ತೇಲುಬೊಂಬೆಯನ್ನು ಮನೆಯಲ್ಲೇ ಬಿಟ್ಟು ಹೋಗಿ. ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಕಳವಳ ತಂದದ್ದು ಅದೇ.

ಶಾಂತವಾದ ತೀರದ ಅಪಾಯ ಅಲೆಯಲ್ಲಿಲ್ಲ, ಗಾಳಿಯಲ್ಲಿದೆ. ನೆಲದ ಕಡೆಯಿಂದ ಸಮುದ್ರದ ಕಡೆಗೆ ಗಾಳಿ ಬೀಸುವಾಗ ದಡದ ಬಳಿ ಅಲೆಗಳು ಅಡಗಿ, ನೀರು ಕೆರೆಯಂತೆ ಮಟ್ಟಸವಾಗುತ್ತದೆ. ದಡದಲ್ಲಿ ನಿಂತವರಿಗೆ ಇದಕ್ಕಿಂತ ಒಳ್ಳೆಯ ದಿನವಿಲ್ಲ ಎನಿಸುವುದು ಆಗಲೇ. ಅಂಥ ದಿನ ಗಾಳಿ ತುಂಬಿದ ಬೊಂಬೆ ಅಥವಾ ಚಾಪೆ ಹಾಯಿಯಂತೆ ವರ್ತಿಸಿ, ಅದರ ಮೇಲೆ ಕುಳಿತ ಮಗುವನ್ನು ಹೊರಗಿನ ಕೊಲ್ಲಿಯ ಕಡೆಗೆ ಒಯ್ಯುತ್ತದೆ, ಮನುಷ್ಯನ ಈಜು ಅದರ ವೇಗಕ್ಕೆ ಸಾಲುವುದಿಲ್ಲ. ಜಪಾನಿನ ಕರಾವಳಿ ರಕ್ಷಣಾ ಪಡೆ ಪ್ರತಿ ಬೇಸಿಗೆಯಲ್ಲೂ ಈ ಬಗ್ಗೆ ಎಚ್ಚರಿಸುತ್ತದೆ. ಪಶ್ಚಿಮಕ್ಕೆ ಮುಖ ಮಾಡಿದ ಜುಶಿಯಂಥ ತೀರದಲ್ಲಿ ಪೂರ್ವ ಅಥವಾ ಈಶಾನ್ಯದಿಂದ ಗಾಳಿ ಬೀಸುವ ದಿನ ಹೀಗಾಗುತ್ತದೆ. ಮಗನಿಗೆ ಮೈಗೆ ಬಿಗಿಯಾಗಿ ಕೂರುವ, ಕಾಲಸಂದಿನಲ್ಲಿ ಪಟ್ಟಿಯಿರುವ ಜೀವರಕ್ಷಕ ಅಂಗಿ ಕೊಡಿಸಿ, ನೀವು ಕೈ ಚಾಚಿದರೆ ಸಿಗುವಷ್ಟು ದೂರದಲ್ಲೇ ಇರಿ. ತೀರದಲ್ಲಿ ಹಾರಿಸುವ ಬಾವುಟ ನೀಲಿಯಿದ್ದರೆ ಇಳಿಯಬಹುದು, ಹಳದಿಯಿದ್ದರೆ ಎಚ್ಚರ, ಕೆಂಪಾದರೆ ಇಳಿಯುವಂತಿಲ್ಲ. ತೇಲುಬುರುಡೆಗಳ ಸಾಲಿನಿಂದ ಗೊತ್ತುಮಾಡಿದ ಜಾಗದೊಳಗೆ, ಕಾವಲಿನವರಿರುವ ಸಮಯದಲ್ಲಿ ಮಾತ್ರ ಇಳಿಯಿರಿ. ಬೇಸಿಗೆಯ ಋತು ಮುಗಿದ ಮರುದಿನವೂ ಸಮುದ್ರ ಅದೇ ಆಗಿರುತ್ತದೆ, ಆದರೆ ನೋಡುವ ಕಣ್ಣುಗಳು ಅಲ್ಲಿರುವುದಿಲ್ಲ. ತೊಂದರೆಯಾದರೆ ಸಮುದ್ರದ ಅವಘಡಕ್ಕೆ 118, ಆಂಬುಲೆನ್ಸಿಗೆ 119.

ಲೋಳೆಮೀನಿನ ವಿಷಯಕ್ಕೆ ಬರೋಣ. ಒಬೊನ್ ಕಳೆದ ಮೇಲೆ ಕಡಲಿಗಿಳಿಯಬಾರದು ಎಂಬ ಮಾತು ಜಪಾನಿನ ಮನೆಮನೆಯಲ್ಲೂ ಇದೆ. ಒಬೊನ್ ಎಂದರೆ ಅಗಲಿದ ಹಿರಿಯರು ಮನೆಗೆ ಬಂದು ಹೋಗುತ್ತಾರೆಂದು ನಂಬುವ ದಿನಗಳು, ನಮ್ಮ ಪಿತೃಪಕ್ಷದ ಭಾವವೇ. ಆ ಮಾತಿನ ಹಿಂದೆ ಭಕ್ತಿಯ ಜೊತೆಗೆ ವ್ಯವಹಾರಜ್ಞಾನವೂ ಇದೆ: ಆಗಸ್ಟ್ ನಡುವಿನಿಂದಾಚೆ ಲೋಳೆಮೀನುಗಳು ಹೆಚ್ಚುತ್ತವೆ, ದೂರದ ಚಂಡಮಾರುತಗಳ ಅಲೆಯೂ ಬರತೊಡಗುತ್ತದೆ. ಅಂದೋನ್ ಕುರಾಗೆ ಎಂಬುದು ಹೆಬ್ಬೆರಳ ತುದಿಯಷ್ಟೇ ಗಾತ್ರದ ಪಾರದರ್ಶಕ ಪೆಟ್ಟಿಗೆಯಂಥ ಜೀವಿ, ನೀರಿನಲ್ಲಿ ಕಣ್ಣಿಗೆ ಕಾಣುವುದೇ ಇಲ್ಲ, ಕುಟುಕಿದ ಮೇಲೆಯೇ ಗೊತ್ತಾಗುವುದು. ಮೇಲೆ ಹೇಳಿದ ತುಂಬುತೋಳಿನ ಅಂಗಿ ಇಲ್ಲಿಯೂ ಕಾಪಾಡುತ್ತದೆ. ಇದಕ್ಕಿಂತ ಕೆಟ್ಟದ್ದು ಕಾತ್ಸುವೊ ನೊ ಎಬೋಶಿ. ಗಾಳಿ ತುಂಬಿದ ಹೊಳೆಯುವ ನೀಲಿ ಚೀಲದಂತೆ ಮರಳಿನ ಮೇಲೆ ಬಿದ್ದಿರುತ್ತದೆ, ಮಕ್ಕಳು ಆಟಿಕೆಯೆಂದು ಕೈಹಾಕುತ್ತಾರೆ, ಸತ್ತ ಮೇಲೂ ಅದರ ಎಳೆಗಳಲ್ಲಿ ವಿಷ ಉಳಿದಿರುತ್ತದೆ. ಕುಟುಕಿದರೆ ಉಜ್ಜಬಾರದು, ಸಿಹಿನೀರು ಹಾಕಬಾರದು, ಸಮುದ್ರದ ನೀರಿನಲ್ಲೇ ತೊಳೆದು ಕಾವಲಿನವರ ಬಳಿ ಓಡಿ. ವಿನೆಗರ್ ಹಚ್ಚಬೇಕೆಂಬ ಸಲಹೆಯನ್ನು ನೀವು ಓದಿರಬಹುದು. ಅದು ಜಪಾನಿನ ತೆಂಕಣ ತುದಿಯ ಒಕಿನಾವಾ ದ್ವೀಪಗಳಲ್ಲಿರುವ ಹಾಬು ಕುರಾಗೆ ಎಂಬ ಲೋಳೆಮೀನಿಗೆ ಸರಿಯಾದದ್ದು, ಈ ನೀಲಿ ಚೀಲದ ಜೀವಿಗೆ ಬೇಡ.

ಸುನಾಮಿಯ ಭಯ ಗಾಬರಿಗೆ ಕಾರಣವಾಗಬೇಕಿಲ್ಲ, ಸಿದ್ಧತೆಗೆ ಕಾರಣವಾದರೆ ಸಾಕು. 1923ರ ಸೆಪ್ಟೆಂಬರ್ 1ರ ಮಹಾಭೂಕಂಪದಲ್ಲಿ ಸಗಾಮಿ ಕೊಲ್ಲಿಯ ಊರುಗಳಿಗೆ ಕೆಲವೇ ನಿಮಿಷಗಳಲ್ಲಿ ಸುನಾಮಿ ಅಪ್ಪಳಿಸಿತ್ತು. ಆದ್ದರಿಂದ ಅಲ್ಲಿ ಯೋಚಿಸುತ್ತ ನಿಲ್ಲಲು ಸಮಯವಿರುವುದಿಲ್ಲ ಎಂದೇ ಭಾವಿಸಬೇಕು. ತೀರಕ್ಕೆ ಬಂದೊಡನೆ ಎತ್ತರದ ಆಶ್ರಯಕ್ಕೆ ದಾರಿ ತೋರುವ ಹಸಿರು ಫಲಕ ಎಲ್ಲಿದೆಯೆಂದು ಮಗನಿಂದಲೇ ಹುಡುಕಿಸಿ, ಆ ದಾರಿಯಲ್ಲಿ ಒಮ್ಮೆ ಸ್ವಲ್ಪ ದೂರ ನಡೆದುನೋಡಿ. ನೆಲ ಜೋರಾಗಿ ಅಥವಾ ಬಹಳ ಹೊತ್ತು ನಡುಗಿದರೆ ಘೋಷಣೆಗಾಗಿ ಕಾಯದೆ, ಚೀಲ ಚಪ್ಪಲಿಗಳನ್ನು ಅಲ್ಲೇ ಬಿಟ್ಟು ಏರಿ. ನೀರಿನಲ್ಲಿರುವವರಿಗೆ ಧ್ವನಿವರ್ಧಕ ಕೇಳಿಸದೆ ಹೋಗಬಹುದೆಂದು 2020ರಿಂದ ಕೆಂಪು ಬಿಳಿ ಚೌಕಳಿಯ ಬಾವುಟವನ್ನು ಸುನಾಮಿಯ ಎಚ್ಚರಿಕೆಯಾಗಿ ಬೀಸುವ ಏರ್ಪಾಡಾಗಿದೆ. ಕಿವಿ ಮಂದವಾದ ಹಿರಿಯರಿದ್ದರೆ ಅವರಿಗೆ ಈ ಬಾವುಟದ ಗುರುತನ್ನು ಮನೆಯಲ್ಲೇ ಕಾಗದದ ಮೇಲೆ ಬರೆದು ತೋರಿಸಿರಿ.

ಪ್ರಶ್ನೆ: ನಾವು ಒಸಾಕಾದಲ್ಲಿದ್ದೇವೆ. ನಮಗೆ ಜುಶಿ ದೂರ. ಈ ಕಡೆ ಮಕ್ಕಳಿಗೆ ಒಗ್ಗುವ ತೀರವಿದೆಯೇ?
— ಓದುಗಿ, ಒಸಾಕಾ

ಉತ್ತರ: ಎರಡಿವೆ, ಎರಡೂ ಒಳ್ಳೆಯವು. ವಾಕಾಯಾಮಾ ಪ್ರಾಂತ್ಯದ ಶಿರಾಹಾಮಾದಲ್ಲಿರುವ ಶಿರಾರಾಹಾಮಾ ತೀರ ಅರ್ಧಚಂದ್ರಾಕಾರದ್ದು, ಮರಳು ನಿಜಕ್ಕೂ ಬೆಳ್ಳಗಿದೆ. ಆ ಮರಳು ಕೊಚ್ಚಿಹೋಗುತ್ತಿದ್ದುದರಿಂದ ಒಂದು ಕಾಲದಲ್ಲಿ ಆಸ್ಟ್ರೇಲಿಯಾದಿಂದ ಹಡಗಿನಲ್ಲಿ ಮರಳು ತರಿಸಿ ತುಂಬಿದ್ದರು. ಇಲ್ಲಿ ಕಡಲಸ್ನಾನದ ಋತು ಮೇ ತಿಂಗಳ ಆರಂಭದಲ್ಲೇ ತೆರೆದುಕೊಳ್ಳುತ್ತದೆ, ಆದರೆ ಆಗ ನೀರು ಇನ್ನೂ ತಣ್ಣಗಿರುತ್ತದೆ. ಕುರೋಶಿಯೊ ಎಕ್ಸ್‌ಪ್ರೆಸ್ ರೈಲಿನಲ್ಲಿ ಎರಡೂವರೆ ಗಂಟೆಯ ಆಸುಪಾಸು ಹಿಡಿಯುತ್ತದೆ. ಮಕ್ಕಳಿಗೆ ಅಲ್ಲಿನ ಪಾಂಡಾಗಳನ್ನು ತೋರಿಸುವ ಆಲೋಚನೆಯಿದ್ದರೆ ಬಿಟ್ಟುಬಿಡಿ. 2025ರ ಜೂನ್‌ನಲ್ಲಿ ನಾಲ್ಕನ್ನೂ ಚೀನಾಕ್ಕೆ ಕಳುಹಿಸಲಾಗಿದೆ.

ನನ್ನ ಮನಸ್ಸು ಒಲಿಯುವುದು ಮಾತ್ರ ಫುಕುಯಿ ಪ್ರಾಂತ್ಯದ ತಾಕಾಹಾಮಾ ಊರಿನ ವಾಕಾಸಾ ವಾದಾ ತೀರಕ್ಕೆ. ಅದು ಜಪಾನ್ ಸಮುದ್ರದ ಬದಿಯಲ್ಲಿದೆ. ಚಳಿಗಾಲದಲ್ಲಿ ಆರ್ಭಟಿಸುವ ಆ ಸಮುದ್ರ ಬೇಸಿಗೆಯಲ್ಲಿ ಬಹಳ ಸೌಮ್ಯವಾಗುತ್ತದೆ, ಉಬ್ಬರ ಇಳಿತಗಳ ವ್ಯತ್ಯಾಸವೂ ತೀರ ಸಣ್ಣದು, ಆದ್ದರಿಂದ ಬೆಳಿಗ್ಗೆ ಚಾಪೆ ಹಾಸಿದ ಜಾಗವನ್ನು ಸಂಜೆಯವರೆಗೂ ಬದಲಿಸಬೇಕಾಗುವುದಿಲ್ಲ. ಸ್ವಚ್ಛತೆ, ಸುರಕ್ಷತೆಗಳಿಗಾಗಿ ಕೊಡುವ ಅಂತರರಾಷ್ಟ್ರೀಯ ನೀಲಿ ಬಾವುಟದ ಮಾನ್ಯತೆಯನ್ನು 2016ರಲ್ಲಿ ಈ ತೀರವೂ ಕಾಮಾಕುರಾದ ಯುಇಗಾಹಾಮಾ ತೀರವೂ ಜಪಾನಿನ ಮೊದಲ ತೀರಗಳಾಗಿ ಪಡೆದವು. ಹೊನ್ನಾವರದ ಕಾಸರಕೋಡಿಗೂ ಉಡುಪಿ ಜಿಲ್ಲೆಯ ಪಡುಬಿದ್ರಿಗೂ 2020ರಲ್ಲಿ ಸಿಕ್ಕಿದ್ದು ಇದೇ ಮಾನ್ಯತೆ. ಆ ತೀರಗಳನ್ನು ಕಂಡವರಿಗೆ ವಾಕಾಸಾ ವಾದಾದಲ್ಲಿ ಯಾವ ಬಗೆಯ ಏರ್ಪಾಡಿರುತ್ತದೆಂಬ ಅಂದಾಜು ಸಿಗುತ್ತದೆ. ಹತ್ತಿರದಲ್ಲಿ ಮಿನ್‌ಶುಕು ಎಂಬ ಮನೆವಸತಿಗಳಿವೆ. ಒಂದು ರಾತ್ರಿ ಉಳಿಯುವಂತೆ ಯೋಜಿಸಿದರೆ ಮಕ್ಕಳಿಗೆ ಪ್ರಯಾಣದ ದಣಿವು ಆಗದು.

ಪ್ರಶ್ನೆ: ನಮ್ಮ ಮಕ್ಕಳ ಶಾಲೆಯ ರಜೆ ಏಪ್ರಿಲ್ ಮತ್ತು ಮೇ ತಿಂಗಳಲ್ಲಿ. ಆಗ ಟೋಕಿಯೋಗೆ ತಂಗಿಯ ಮನೆಗೆ ಹೋಗುತ್ತಿದ್ದೇವೆ. ಕಡಲತೀರಕ್ಕೆ ಹೋದರೆ ಪ್ರಯೋಜನವಿದೆಯೇ?
— ಓದುಗ, ಹುಬ್ಬಳ್ಳಿ

ಉತ್ತರ: ನೀರಾಟಕ್ಕೆಂದಾದರೆ ಇಲ್ಲ. ಸಗಾಮಿ ಕೊಲ್ಲಿಯ ನೀರು ಆ ದಿನಗಳಲ್ಲಿ ಸಾಮಾನ್ಯವಾಗಿ 20 ಡಿಗ್ರಿಯನ್ನೂ ಮುಟ್ಟಿರುವುದಿಲ್ಲ, ಹುಬ್ಬಳ್ಳಿಯ ಏಪ್ರಿಲ್‌ನಿಂದ ಬಂದ ಮಕ್ಕಳಿಗೆ ಅದು ಕೊರೆಯುತ್ತದೆ. ಕಡಲ ಮನೆಗಳೂ ಇರುವುದಿಲ್ಲ, ಕಾವಲೂ ಇರುವುದಿಲ್ಲ. ಮಕ್ಕಳು ನೀರಿಗಿಳಿಯಲೇಬೇಕೆಂದಿದ್ದರೆ ವಿಮಾನದಲ್ಲಿ ಒಕಿನಾವಾಕ್ಕೆ ಹೋಗಬೇಕು. ಅಲ್ಲಿ ಋತು ಮಾರ್ಚ್ ಏಪ್ರಿಲ್‌ನಲ್ಲೇ ತೆರೆದು ಅಕ್ಟೋಬರ್‌ವರೆಗೆ ನಡೆಯುತ್ತದೆ. ಹವಳದ ಚೂರು ಕಾಲಿಗೆ ಚುಚ್ಚುವುದರಿಂದ ಕಟ್ಟುವ ಚಪ್ಪಲಿ ಒಯ್ಯಿರಿ.

ನಡೆದಾಡಲು, ಮರಳಿನಲ್ಲಿ ಆಡಲು ಮಾತ್ರ ಜುಶಿ ಮತ್ತು ಅದರ ತೆಂಕಣ ಹಾಯಾಮಾದ ಇಶ್ಶಿಕಿ ತೀರ ಆ ದಿನಗಳಲ್ಲಿ ಬೇಸಿಗೆಗಿಂತಲೂ ಚೆನ್ನ. ಇಶ್ಶಿಕಿಯ ಪಕ್ಕದಲ್ಲೇ 1894ರಲ್ಲಿ ಕಟ್ಟಿದ ಚಕ್ರವರ್ತಿಯ ವಿಶ್ರಾಂತಿ ನಿವಾಸವಿದೆ, ಚಕ್ರವರ್ತಿ ತೈಶೋ 1926ರ ಡಿಸೆಂಬರ್ 25ರಂದು ನಿಧನರಾದದ್ದು ಅಲ್ಲಿಯೇ. ಜುಶಿ ನಿಲ್ದಾಣದಿಂದ ಬಸ್ಸಿದೆ. ಏಪ್ರಿಲ್ 29ರಿಂದ ಮೇ 5ರವರೆಗಿನ ಸಾಲುರಜೆಯ ದಿನಗಳನ್ನು ಮಾತ್ರ ತಪ್ಪಿಸಿ, ಆಗ ಕಾಮಾಕುರಾ ಕಡೆಯ ರೈಲುಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ.

ಒಂದು ವಿಷಯವನ್ನು ನೀವು ಕೇಳದಿದ್ದರೂ ಹೇಳಬೇಕು. ಇಳಿತದ ಹೊತ್ತಿನಲ್ಲಿ ಬಂಡೆಗಳ ನಡುವಿನ ನೀರಿನಲ್ಲಿ ಮಕ್ಕಳಿಗೆ ಏಡಿ, ಸಣ್ಣ ಮೀನು, ನಕ್ಷತ್ರಮೀನುಗಳು ಸಿಗುತ್ತವೆ, ನೋಡಿ ಅಲ್ಲೇ ಬಿಟ್ಟರೆ ಯಾವ ತೊಡಕೂ ಇಲ್ಲ. ಆದರೆ ಸಾಜಾಯೆ ಎಂಬ ಕೊಂಬಿನ ಶಂಖದ ಹುಳು, ಆಕ್ಟೋಪಸ್, ತಿನ್ನುವ ಕಡಲಪಾಚಿ, ಇವುಗಳ ಮೇಲೆ ಆಯಾ ಊರಿನ ಮೀನುಗಾರರ ಸಂಘಕ್ಕೆ ಕಾನೂನುಬದ್ಧ ಹಕ್ಕಿರುತ್ತದೆ, ಹೊರಗಿನವರು ತೆಗೆದರೆ 10 ಲಕ್ಷ ಯೆನ್‌ವರೆಗೆ ದಂಡ ಬೀಳಬಹುದು. ಅವಾಬಿ ಎಂಬ ಬೆಲೆಬಾಳುವ ಚಿಪ್ಪಿನ ಜೀವಿಯನ್ನು ಕದ್ದು ಹಿಡಿದರೆ 2020ರ ಡಿಸೆಂಬರ್‌ನಲ್ಲಿ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ 3 ವರ್ಷದವರೆಗೆ ಸೆರೆ ಅಥವಾ 3 ಕೋಟಿ ಯೆನ್‌ವರೆಗೆ ದಂಡವಿದೆ. ಮಕ್ಕಳ ಕೈಗೆ ಬಕೆಟ್ ಕೊಡುವ ಮುನ್ನ ಇದನ್ನು ಹೇಳಿಕೊಡಿ, ದಡಕ್ಕೆ ಬಿದ್ದ ಖಾಲಿ ಕಪ್ಪೆಚಿಪ್ಪುಗಳನ್ನಷ್ಟೇ ಆರಿಸಿಕೊಳ್ಳಲು ಬಿಡಿ.